ಕೈ ಹಿಂದೆ ಕಟ್ಟಿಕೊಂಡು

ಉಗುರಿನ ಸಂದಿಗೆ ಹೊಕ್ಕ ಕೆಂಪು ಅರಗು ಎರಡು ದಿನವಾದರೂ ಬಿಟ್ಟಿರಲಿಲ್ಲ. ಶನಿವಾರ ಮಧ್ಯಾಹ್ನ ಸೇಡಂ ವಾಚನಾಲಯದಲ್ಲಿ ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಲಕೋಟೆಯ ಮೊಹರು ಒಡೆದಾಗ ಹೊಕ್ಕದ್ದು ಅದು. ಭಾನುವಾರ ಪಾತ್ರೆ ತಿಕ್ಕಿದಳು, ಬಟ್ಟೆ ಒಗೆದಳು, ಸೀಗೆಪುಡಿ ಹಚ್ಚಿ ತಲೆಗೆ ಎರೆದುಕೊಂಡಳು. ಸೋಮವಾರ ಬೆಳಿಗ್ಗೆ ಚಿಂಚೋಳಿ ಬಸ್ಸಿನ ಕಿಟಕಿ ಸರಳು ಹಿಡಿದು ಕೂತಾಗ ನೋಡಿದರೆ ಇನ್ನೂ ಅಲ್ಲೇ ಇತ್ತು, ಯಾರಾದರೂ ಕುಂಕುಮ ಅಂದುಕೊಳ್ಳುವ ಹಾಗೆ. ಶ್ರೀವಿದ್ಯಾ ಹೆಬ್ಬೆರಳಿನಿಂದ ಕೆದರಿದಳು. ನಲವತ್ತೆರಡು ವರ್ಷದ ಹೆಂಗಸು, ಐದೂರಿನ ವಾಚನಾಲಯಗಳ ಮುಖ್ಯ ಗ್ರಂಥಪಾಲಕಿ, ಒಬ್ಬ ಅಟೆಂಡರನ ಹೆಸರಿನಲ್ಲಿ ಕದ್ದು ಬರೆದಳು. ಹೇಗೆ ತಿರುವಿ ಮುರುವಿ ಹೇಳಿಕೊಂಡರೂ ವಾಕ್ಯ ಹೀಗೇ ಮುಗಿಯುತ್ತಿತ್ತು. ಇವತ್ತು ಹೋಗಿ ಅವನ ಮುಂದೆ ಕೂತು ಇದನ್ನು ಹೇಳಬೇಕು, ಹೇಳಿಯೇ ತೀರಬೇಕು. ಮನೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಈ ಮಾತು ಗಟ್ಟಿಯಾಗಿತ್ತು. ಟಿಕೆಟ್ ತೆಗೆಸಿದ ಮೇಲೆ ಸ್ವಲ್ಪ ಸಡಿಲಾಗಿತ್ತು.

ಲಕೋಟೆ ಅಮೃತಪ್ಪನದು. ಕಪಾಟಿನ ಎರಡನೇ ಕೀಲಿಯನ್ನು ಲಕೋಟೆಗೆ ಹಾಕಿ, ಅರಗು ಬಡಿದು, ಮೇಲೆ ಸಹಿ ಮಾಡಿ, ಸೇಡಂನಲ್ಲಿ ಮೇಲಿನವರ ಹತ್ತಿರ ಇಡುವುದು ವಾಚನಾಲಯ ಮಂಡಳಿಯ ಹಳೇ ಪದ್ಧತಿ. ಹೋದ ಆಗಸ್ಟಿನಲ್ಲಿ ಕಂಪ್ಯೂಟರ್ ಪಾಠ ಶುರುವಾಗಿ ಎಲ್ಲರೂ ತಂತಮ್ಮ ಬ್ಲಾಗಿಗೆ ಪಾಸ್‌ವರ್ಡ್ ಮಾಡಿಕೊಂಡಾಗ ಒಬ್ಬರು ಮರೆತರು, ವಾಡಿಯ ಹಾಜಿಮಲಂಗ್ ಗೋಡೆ ಕ್ಯಾಲೆಂಡರಿನ ಮೇಲೇ ಬರೆದಿಟ್ಟ. ಚಿಂಚೋಳಿ ವಾಚನಾಲಯದ ಅಟೆಂಡರ್ ಅಮೃತಪ್ಪ ಮಾತ್ರ ಮುಂದಿನ ವಾರ ತಾನೇ ಬಸ್ ಹತ್ತಿ ಬಂದು, ಪಾಸ್‌ವರ್ಡ್ ಬರೆದ ಚೀಟಿ ಇಟ್ಟು ಅರಗು ಹಾಕಿದ ಲಕೋಟೆಯನ್ನು ಎರಡೂ ಕೈಯಲ್ಲಿ ಅವಳ ಮೇಜಿನ ಮೇಲಿಟ್ಟು, ಎರಡನೇ ಕೀಲಿ ರಿ ಇದು, ಅಂದಿದ್ದ. ಮೂವತ್ತೊಂದು ವರ್ಷ ಪುಸ್ತಕದ ಧೂಳು ಹೊಡೆದ ಕೈ. ಅವಳಿಗೆ ನಗು ಬಂದಿತ್ತು. ಮುಖದಲ್ಲಿ ತೋರಿಸಿಕೊಳ್ಳದೆ ಡ್ರಾಯರಿಗೆ ಹಾಕಿದ್ದಳು. ಪಾಪ, ಅಂತಲೂ ಅಂದುಕೊಂಡಿದ್ದಳು. ಆ ಪಾಪ ಅನ್ನುವ ಮಾತೇ ಈಗ ಬಸ್ಸಿನ ಗದ್ದಲದಲ್ಲಿ ತಿರುಗಿ ತಿರುಗಿ ಅವಳ ಕಡೆಗೇ ಬರುತ್ತಿತ್ತು.

ಪಾಠಕ್ಕೆ ಅವಳು ಇಟ್ಟ ಹೆಸರು 'ನಿಮ್ಮ ನಿಮ್ಮ ನಡಿಗೆ'. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಐದು ವಾಚನಾಲಯಕ್ಕೂ ಒಂದೊಂದು ಕಂಪ್ಯೂಟರ್ ಬಂದಿತ್ತು, ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬಂದಿತ್ತು. ಹನ್ನೆರಡು ಪಾಠ. ಬ್ಲಾಗು ಬರೆಯುವುದು, ಫೋಟೋ ಏರಿಸುವುದು, ಪುಸ್ತಕಕ್ಕೆ ಗುರುತಿನ ಚೀಟಿಯ ಹಾಗೆ ಟ್ಯಾಗ್ ಹಚ್ಚುವುದು, ಓದುಗರ ಟಿಪ್ಪಣಿಗೆ ಉತ್ತರ ಕೊಡುವುದು. ಕೊನೆಯ ಪಾಠ, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ ಅದನ್ನು ಬರೆಯುವುದು. ಅವಸರ ಇಲ್ಲ, ಪರೀಕ್ಷೆ ಇಲ್ಲ, ಒಂದೊಂದು ಪಾಠ ಕಲಿತ ಮೇಲೆ ನಾಲ್ಕು ಸಾಲು ನಿಮ್ಮ ಪುಟದಲ್ಲಿ ಬರೆದರೆ ಆಯಿತು, ಅಂತ ಅವಳೇ ಎಲ್ಲರ ಮುಂದೆ ನಿಂತು ಹೇಳಿದ್ದಳು. ಕಲಿಸುವವರಿಗೂ ಒಂದು ನೇಮ ಮಾಡಿದ್ದಳು. ಕಲಿಯುವವರ ಬೆನ್ನ ಹಿಂದೆ ನಿಲ್ಲುವಾಗ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು. ಮೌಸ್ ಮುಟ್ಟಕೂಡದು. ತಪ್ಪು ಬಟನ್ ಒತ್ತಲಿ, ಅರ್ಧ ತಾಸು ಹುಡುಕಲಿ, ಕೈ ಮುಂದೆ ಬರಕೂಡದು. ಈ ನೇಮದ ಬಗ್ಗೆ ಅವಳಿಗೆ ಭಾಳ ಹೆಮ್ಮೆ ಇತ್ತು. ಎಲ್ಲಿಂದ ಕಲಿತಿರಿ ಅಂತ ಯಾರಾದರೂ ಕೇಳಿದರೆ, ಹಂಗೇ ಹೊಳೀತು, ಅನ್ನುತ್ತಿದ್ದಳು.

ಹಂಗೇ ಹೊಳೆದದ್ದಲ್ಲ. ಮಳಖೇಡದ ಶಾಲೆಯಲ್ಲಿ ಅವಳು ಏಳನೇ ಇಯತ್ತೆ. ಅಪ್ಪ ಪಾಂಡುರಂಗ ಮಾಸ್ತರರು ಅದೇ ಶಾಲೆಯಲ್ಲಿ. ಭಾರತದ ನದಿಗಳ ನಕಾಶೆ ಬರೆಯಲು ಅವಳು ಕೂತರೆ, ಗಂಗೆಯ ತಿರುವು ಒಂದಿಷ್ಟು ಅತ್ತಿತ್ತ ಆದದ್ದು ಅಪ್ಪನಿಗೆ ಸಹಿಸಲಾಗಲಿಲ್ಲ, ಕೈಯಿಂದ ಪೆನ್ಸಿಲ್ ಕಸಿದುಕೊಂಡರು. ಕೊಡು ಇಲ್ಲಿ, ಅಂದರು. ಇಡೀ ನಕಾಶೆ ಅವರೇ ಬರೆದರು, ಕೆಳಗೆ ಅವಳ ಹೆಸರನ್ನೂ ಅವರೇ ಬರೆದರು. ಬಹುಮಾನ ಬಂತು, ಕಂಪಾಸ್ ಪೆಟ್ಟಿಗೆ. ಬಹುಮಾನ ಕೊಡಲು ಬಂದ ಸಾಹೇಬರು ಪ್ರೀತಿಯಿಂದಲೇ, ನಮ್ಮ ಕಾಗಿಣಾ ಇದರಾಗ ಎಲ್ಲದ ತೋರಸವ್ವಾ, ಅಂದಾಗ ಅವಳ ಬೆರಳು ನಕಾಶೆಯ ತುಂಬ ಅಲೆದಾಡಿತು. ಶಾಲೆಗೆ ಶಾಲೆಯೇ ನೋಡುತ್ತಿತ್ತು. ಕಿಟಕಿಯಿಂದ ಹಣಿಕಿದರೆ ಕಾಣುವ ಹೊಳೆ, ಕಾಗದದ ಮೇಲೆ ಸಿಗಲಿಲ್ಲ. ಅಪ್ಪ ಅಲ್ಲೇ ಗೋಡೆಗೆ ಆತು ನಿಂತಿದ್ದರು, ತಾವು ಬರೆದ ನಕಾಶೆಯನ್ನು ನೋಡುತ್ತ. ಬಸ್ಸು ಗುಂಡಿಗೆ ಇಳಿದು ಎದ್ದಿತು. ಪಕ್ಕದ ಹೆಣ್ಣುಮಗಳು ತೊಗರಿ ಬುಟ್ಟಿಯನ್ನು ಮತ್ತಷ್ಟು ಮಗ್ಗುಲಿಗೆ ಒತ್ತಿಕೊಂಡು, ಎಲ್ಲಿಗಿ ಹೊಂಟ್ರಿ, ಅಂದಳು. ಚಿಂಚೋಳಿಗೆ, ಅಂದಳು ಶ್ರೀವಿದ್ಯಾ. ಏನು ಕೆಲಸ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಚಿಂಚೋಳಿಯ ಪುಟ ಖಾಲಿಯೇ ಉಳಿದಿತ್ತು. ಆಗಸ್ಟ್ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು. ಫೋನಿನಲ್ಲಿ ಕೇಳಿದರೆ ಅಮೃತಪ್ಪ, ನಡದದ್ರಿ ಮೇಡಂ, ಅನ್ನುತ್ತಿದ್ದ. ಎಲ್ಲಿ ನಡೆದಿದೆ? ಪುಟ ತೆರೆದರೆ ಹೆಸರು ಬಿಟ್ಟರೆ ಒಂದು ಅಕ್ಷರ ಇಲ್ಲ. ಜನವರಿಯ ಸಭೆಯಲ್ಲಿ ಅವಳು ಗೋಡೆಯ ಮೇಲೆ ಐದೂ ಪುಟ ತೋರಿಸಿ, ಚಿಂಚೋಳಿಯವರದು ನೋಡ್ರಿ, ಹಾಲಿನಂಗ ಬೆಳ್ಳಗದ, ಅಂದಳು. ಎಲ್ಲರೂ ನಕ್ಕರು. ನಗಿಸಬೇಕೆಂದೇ ಅಂದದ್ದು, ಸುಳ್ಳು ಯಾಕೆ ಹೇಳಬೇಕು. ಅಮೃತಪ್ಪ ಎದ್ದು ನಿಂತು ಕೈ ಮುಗಿದ. ಸುಧಾರಿಸಿಕೋತೀನ್ರಿ, ಅಂದ. ಮಾರ್ಚಿಗೆ ಮಂಡಳಿಯ ಕಾರ್ಯದರ್ಶಿ ಆನಂದತೀರ್ಥರು ತಾರೀಖು ಗೊತ್ತು ಮಾಡಿದರು: ಮೂವತ್ತೊಂದು, ಮಂಗಳವಾರ, ಹನ್ನೊಂದು ಗಂಟೆ. ಅಷ್ಟರೊಳಗೆ ಮುಗಿಸದ ಊರಿನ ಕಂಪ್ಯೂಟರ್ ವಾಡಿಗೆ ಹೋಗತಕ್ಕದ್ದು, ಆ ನೌಕರ ಸೇಡಂನ ರಟ್ಟು ಕಟ್ಟುವ ಕೋಣೆಗೆ ಬರತಕ್ಕದ್ದು. ಅಮೃತಪ್ಪನಿಗೆ ಇನ್ನೆರಡು ವರ್ಷ ಸರ್ವಿಸು ಇತ್ತು. ಮನೆ ಚಿಂಚೋಳಿಯಲ್ಲಿ, ಓದುಗರು ಚಿಂಚೋಳಿಯಲ್ಲಿ, ಮೂವತ್ತೊಂದು ವರ್ಷ ಚಿಂಚೋಳಿಯಲ್ಲಿ. ಅವಸರ ಇಲ್ಲ ಅಂದವಳು ಅವಳು. ಎದ್ದು ನಿಂತು, ಇದು ನಾನು ಕೊಟ್ಟ ಮಾತು, ತಾರೀಖು ಹಾಕಬ್ಯಾಡ್ರಿ, ಅಂತ ಆವತ್ತೇ ಅನ್ನಬಹುದಾಗಿತ್ತು. ಅನ್ನಲಿಲ್ಲ. ಬದಲಿಗೆ ಶನಿವಾರ ಡ್ರಾಯರ್ ಎಳೆದು ಲಕೋಟೆ ತೆಗೆದಳು.

ಅಮೃತಪ್ಪನ ಹೆಸರಿನಲ್ಲಿ ಒಳಗೆ ಹೋದ ಕೂಡಲೇ ಹೊಸದನ್ನು ಬರೆಯುವ ಖಾಲಿ ಹಾಳೆಯೇ ಎದುರಿಗೆ ತೆರೆಯಿತು. ಹನ್ನೆರಡು ಪಾಠಕ್ಕೂ ಸೇರಿಸಿ ಒಂದೇ ಏಟಿಗೆ ಬರೆದಳು. 'ನಾನು ಹೆಚ್ಚು ಓದಿದವನಲ್ಲ. ಗಣಕಯಂತ್ರವೆಂದರೆ ಹೆದರುತ್ತಿದ್ದೆ. ಶ್ರೀವಿದ್ಯಾ ಮೇಡಂ ಅವರು ಮಗುವಿಗೆ ಕಲಿಸುವಂತೆ ಕೈ ಹಿಡಿದು ಹನ್ನೆರಡೂ ಪಾಠ ಕಲಿಸಿದರು. ಈಗ ನನ್ನ ಜ್ಞಾನದ ಪರಿಧಿ ವಿಸ್ತಾರಗೊಂಡಿದೆ.' ತನ್ನ ಹೊಗಳಿಕೆಯನ್ನು ತಾನೇ ಬರೆದುಕೊಂಡಳು. ಹಾಗೆ ಬರೆದರೆ ಅವನದೇ ಅನ್ನಿಸುತ್ತದೆ ಅನ್ನುವ ಲೆಕ್ಕಾಚಾರ. ಪ್ರಕಟಿಸುವ ಬಟನ್ ಒತ್ತಿದಳು. ಆಮೇಲೆ ಪುಟ ಹೊರಳಿತು, ಬರೆದದ್ದರ ಪಟ್ಟಿ ಬಂತು. ತಲೆಯ ಮೇಲೆ ಅವಳ ಒಂದು ಬರಹ. ಅದರ ಕೆಳಗೆ ಸಾಲಾಗಿ ಹನ್ನೊಂದು. ಒಂದೊಂದರ ಮಗ್ಗುಲಿಗೂ ಬೂದುಬಣ್ಣದ ಸಣ್ಣ ಅಕ್ಷರ: ಪ್ರಕಟವಾಗಿಲ್ಲ. ಪಾಠ ಒಂದು, ಪಾಠ ಎರಡು, ಪಾಠ ಮೂರು. ಮೊದಲನೆಯದನ್ನು ತೆರೆದಳು. ಎರಡು ಪುಟದಷ್ಟು ಉದ್ದ. ಕೊನೆಗೆ 'ಮೇಲಿನವರ ಸಹಿಗಾಗಿ ಸಲ್ಲಿಸಿದೆ, ಅಮೃತಪ್ಪ, ಅಟೆಂಡರ್, ಚಿಂಚೋಳಿ', ತಾರೀಖು ಆಗಸ್ಟ್ ಇಪ್ಪತ್ತೆರಡು. ಮುಂದೆ ಓದಲಾಗದೆ ಕಂಪ್ಯೂಟರ್ ಆರಿಸಿಬಿಟ್ಟಳು. ಭಾನುವಾರ ಬೆಳಿಗ್ಗೆ ಆನಂದತೀರ್ಥರ ಫೋನು. ಅಂವ ಛಲೋ ಬರದಾನ ಶ್ರೀವಿದ್ಯಾ, ವಿನಯ ಅದ ನೋಡು, ನಾಳಿದ್ದು ಸಭೆದಾಗ ನಾನೇ ಓದ್ತೀನಿ, ಅಂದರು.

ಸುಲೇಪೇಟದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ಇಲ್ಲಿಯೇ ಇಳಿದು ಎದುರಿನ ಬಸ್ಸಿಗೆ ಹತ್ತಿದರೆ ಹನ್ನೆರಡರ ಒಳಗೆ ಮನೆ. ಯಾರಿಗೇನು ಗೊತ್ತು? ಅಟೆಂಡರನಿಗೆ ಗೊತ್ತಾದರೂ ಬಾಯಿ ಬಿಡುವವನಲ್ಲ, ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಲಿಗೆ ಕಚ್ಚಿಕೊಂಡಳು. ಅವನು ಬಾಯಿ ಬಿಡುವುದಿಲ್ಲ ಅನ್ನುವ ಧೈರ್ಯದ ಮೇಲೆ ತಾನೆ ಮೊಹರು ಒಡೆದದ್ದು. ಕಂಪಾಸ್ ಪೆಟ್ಟಿಗೆ ಇನ್ನೂ ಅಟ್ಟದ ಮೇಲೆ ಎಲ್ಲೋ ಇರಬೇಕು. ಅದರೊಳಗಿನ ಕೈವಾರವನ್ನು ಅವಳು ಒಂದು ದಿನವೂ ಬಳಸಲಿಲ್ಲ. ಅಪ್ಪ ಕೇಳಿದಾಗಲೆಲ್ಲ, ಶಾಲೆಯಲ್ಲಿ ಮರೆತು ಬಂದೆ ಅಂತ ಸುಳ್ಳು ಹೇಳಿದಳು. ಕಂಡಕ್ಟರ್ ಸೀಟಿ ಊದಿದ. ಅವಳು ಸೀಟು ಬಿಟ್ಟು ಏಳಲಿಲ್ಲ, ಅಷ್ಟೇ ಅವಳ ಧೈರ್ಯ ಆ ಹೊತ್ತಿಗೆ.

ಚಿಂಚೋಳಿ ವಾಚನಾಲಯದ ಮೆಟ್ಟಿಲ ಮೇಲೆ ನಾಲ್ಕಾರು ಜೊತೆ ಚಪ್ಪಲಿ ಇದ್ದವು. ಒಳಗೆ ಪೇಪರ್ ಓದುವವರು ಬೆಂಚಿನ ಮೇಲೆ. ಅಮೃತಪ್ಪ ಅವಳನ್ನು ಕಂಡದ್ದೇ ತಲೆಯ ಟೋಪಿ ಸರಿಮಾಡಿಕೊಂಡು ಬಾಗಿಲಿಗೇ ಬಂದ. ಬರ್ರಿ ಮೇಡಂ, ಕುಂದ್ರಿ, ಅಂತ ತನ್ನ ಕುರ್ಚಿಯನ್ನೇ ಕರವಸ್ತ್ರದಿಂದ ಒರೆಸಿ ಹಾಕಿದ. ಮುಖದಲ್ಲಿ ಏನೋ ಒಂದು ಕಳೆ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: ಬೆಳಿಗ್ಗೆ ಬಾಗಿಲು ತೆಗೆದವನೇ ಪುಟ ನೋಡಿದೆ, ಬಂದದ. ಏಳು ತಿಂಗಳಿಗೆ ನಿಮ್ಮ ಸಹಿ ಬಿತ್ತು. ಮೇಲಿನವರು ಕೆಳಗಿನವರ ಕಾಗದ ತಿದ್ದಿ ಚೊಕ್ಕ ಮಾಡಿ ಕಳಿಸುವುದು ಹೊಸದಲ್ಲ, ಮೊದಲಿನ ಸಾಹೇಬರೂ ಹಾಗೇ ಮಾಡುತ್ತಿದ್ದರು. ಹನ್ನೊಂದು ಉದ್ದುದ್ದ ಬರಹ ಓದಿ, ಸೋಸಿ, ನಾಲ್ಕು ಸಾಲಿಗೆ ತರಲು ಎಷ್ಟು ತ್ರಾಸಾಯಿತೋ ಏನೋ.

"ನಾ ಭಾಳ ಉದ್ದ ಬರದಿದ್ದೆ ಕಾಣ್ತದ್ರಿ," ಅಂದ, ನಾಚಿಕೊಂಡು. "ಜನವರಿದಾಗ ನೀವು ಬೆಳ್ಳಗದ ಅಂದ್ರಲ್ಲ, ಆವಾಗೇ ತಿಳೀತು, ಪಸಂದ ಬಂದಿಲ್ಲ ಅಂತ. ಮತ್ತೊಮ್ಮೆ ಎಲ್ಲಾ ತಿದ್ದಿ ಬರದೆ. ಫೆಬ್ರವರಿದಾಗ ಇನ್ನೊಮ್ಮೆ."

ಶ್ರೀವಿದ್ಯಾ ಮನಸ್ಸಿನಲ್ಲೇ ಎಣಿಸಿದಳು. ಮೂರು ಸಲ. ತಾನು ಡ್ರಾಯರಿನ ಒಳಗೆ ಲಕೋಟೆಯ ಮೇಲೆ ಗುಂಡುಪಿನ್ನಿನ ಡಬ್ಬಿ ಇಟ್ಟು ಆರಾಮಾಗಿದ್ದ ಹೊತ್ತಿನಲ್ಲಿ ಈ ಮನುಷ್ಯ ಇಲ್ಲಿ ಕೂತು, ಎರಡು ಬೆರಳಿನಿಂದ ಒಂದೊಂದು ಅಕ್ಷರ ಹುಡುಕಿ, ಮೂರು ಸಲ. ಕೀಲಿ ಅವಳ ಹತ್ತಿರ ಇದೆ, ಅಂದಮೇಲೆ ತಿಂಗಳಿಗೊಮ್ಮೆ ತೆಗೆದು ನೋಡುತ್ತಾಳೆ ಅಂತ ಅವನ ಲೆಕ್ಕ. ಕೀಲಿ ಕೊಡುವುದು ಮತ್ತೆ ಯಾತಕ್ಕೆ? ಎರಡು ಬಟನಿನ ಫರಕು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಒಂದು ಒತ್ತಿದರೆ ಬರೆದದ್ದು ಮನೆಯಲ್ಲೇ ಉಳಿಯುತ್ತದೆ, ಇನ್ನೊಂದು ಒತ್ತಿದರೆ ಜಗತ್ತಿಗೇ ಹೋಗುತ್ತದೆ. ಮೇಲಿನವರ ಸಹಿ ಇಲ್ಲದೆ ಒಂದು ಪೋಸ್ಟ್ ಕಾರ್ಡನ್ನೂ ಮೂವತ್ತೊಂದು ವರ್ಷ ಹೊರಗೆ ಕಳಿಸದವನು ಜಗತ್ತಿಗೆ ಹೇಗೆ ಕಳಿಸಿಯಾನು? ಮಶಾಕನ ಹೋಟೆಲಿನಿಂದ ಚಹಾ ಬಂತು. ಕಪ್ಪು-ಬಸಿ ಅವಳ ಮುಂದೆ, ಗ್ಲಾಸು ಅವನ ಕೈಯಲ್ಲಿ. ಅವನು ನಿಂತೇ ಕುಡಿಯುತ್ತಿದ್ದ, ಸುಖವಾಗಿ.

ಈಗ ಏನೂ ಹೇಳದೆ ಇದ್ದುಬಿಟ್ಟರಾಯಿತು. ಇಷ್ಟು ಸಲೀಸಾಗಿ ಯಾವ ಸುಳ್ಳೂ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ. ಅಮೃತಪ್ಪ ಖುಷಿ, ಆನಂದತೀರ್ಥರು ಖುಷಿ, ಕಂಪ್ಯೂಟರ್ ಇದ್ದಲ್ಲೇ ಇರುತ್ತದೆ, ಅವನು ಇದ್ದಲ್ಲೇ ಇರುತ್ತಾನೆ, ಸುಳ್ಳನ್ನು ಅವನೇ ಕೈಯಾರೆ ತಿಕ್ಕಿ ತೊಳೆದು ಅವಳ ಮುಂದಿಟ್ಟಿದ್ದಾನೆ. ಚಹಾ ಕುಡಿದು ಎದ್ದರೆ ಹನ್ನೊಂದೂವರೆಯ ಬಸ್ಸು. ಹೇಳಿದರೆ ನೋಯುವವನು ಅವನೇ, ಏಳು ತಿಂಗಳು ಯಾರೂ ಓದಿಲ್ಲ ಅಂತ ಗೊತ್ತಾಗಬೇಕಾದವನೂ ಅವನೇ. ಅವನಿಗಾಗಿಯೇ ಸುಮ್ಮನಿರಬೇಕೇನೋ, ಅಂತ ಮನಸ್ಸು ಅನ್ನುತ್ತಿದ್ದ ಹಾಗೇ, ಅಪ್ಪನೂ ಹೀಗೇ ಅಂದುಕೊಂಡಿರಬೇಕು ಗೋಡೆಗೆ ಆತು ನಿಂತು, ಮಗಳಿಗಾಗಿ, ಅನ್ನಿಸಿತು. ನಾಳೆ ಸಭೆಯಲ್ಲಿ ಆನಂದತೀರ್ಥರು ಆ ನಾಲ್ಕು ಸಾಲು ಓದುತ್ತಾರೆ. ಹೆಚ್ಚು ಓದಿದವನಲ್ಲ, ಹೆದರುತ್ತಿದ್ದೆ, ಮಗುವಿಗೆ ಕಲಿಸುವಂತೆ. ಅಮೃತಪ್ಪ ಎದ್ದು ಕೈ ಮುಗಿಯುತ್ತಾನೆ. ಅವಳು ಬಸಿಯನ್ನು ಕೆಳಗಿಟ್ಟಳು.

"ಅಮೃತಪ್ಪೋರೆ, ನಾ ನಿಮ್ಮವು ಓದಿಲ್ರಿ," ಅಂದಳು. "ಒಂದೂ ಓದಿರಲಿಲ್ಲ. ಲಕೋಟೆ ತೆಗದಿದ್ದೇ ಶನಿವಾರ. ನೀವು ಏನೂ ಬರದಿಲ್ಲ ಅಂತ ತಿಳದು, ನಿಮ್ಮ ಹೆಸರಲೆ ನಾನೇ ಬರದು ಹಾಕಿದೆ."

ಅವನು ಗ್ಲಾಸು ಹಿಡಿದುಕೊಂಡೇ ನಿಂತ. ಬೆಂಚಿನ ಮೇಲಿದ್ದ ಮುದುಕರೊಬ್ಬರು ಪೇಪರ್ ಮಡಚಿಟ್ಟು ಇನ್ನೊಂದು ಪೇಪರ್ ಕೇಳಿದರು. ಹೋಗಿ ಕೊಟ್ಟು ಬಂದ. ಮತ್ತೊಬ್ಬ ರೈತ ಎತ್ತಿನ ಗೊರಸಿನ ಹುಣ್ಣಿನ ಬಗ್ಗೆ ಪುಸ್ತಕ ಕೇಳಿದ. ಕಪಾಟಿನ ಕಡೆ ಹೋಗಿ, ನೋಡದೆಯೇ ಕೈ ಹಾಕಿ ತೆಗೆದು ಕೊಟ್ಟ, ರಜಿಸ್ಟರಿನಲ್ಲಿ ಬರೆದುಕೊಂಡ. ಅಷ್ಟರಲ್ಲಿ ಕರೆಂಟು ಹೋಯಿತು. ದಿನಾ ಹನ್ನೊಂದರಿಂದ ಒಂದರ ತನಕ ಹೋಗುತ್ತದೆ. ಫ್ಯಾನು ನಿಧಾನಕ್ಕೆ ತಿರುಗಿ ನಿಂತಿತು. ಸೆಕೆಗೆ ಓದುಗರು ಒಬ್ಬೊಬ್ಬರೇ ಎದ್ದು ಹೋದರು. ಅವಳು ಅವನ ಕುರ್ಚಿಯ ಮೇಲೆ ಬೆವರುತ್ತ ಕೂತೇ ಇದ್ದಳು. ಅವನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯುವವನಲ್ಲ, ಅದೂ ಗೊತ್ತು. ಅದನ್ನೂ ನಂಬಿಕೊಂಡೇ ಬಂದದ್ದು. ಪೇಪರುಗಳನ್ನೆಲ್ಲ ಒಂದರ ಮೇಲೊಂದು ಅಂಚಿಗೆ ಅಂಚು ಕೂಡಿಸಿ ಇಟ್ಟಾದ ಮೇಲೆ ಅವನು ಬಂದು ಎದುರಿನ ಬೆಂಚಿನ ಮೇಲೆ ಕೂತ. ಅವಳ ಮುಂದೆ ಅವನು ಕೂತದ್ದು ಅದೇ ಮೊದಲು.

"ಹಂಗಾರ ಏಳು ತಿಂಗಳು ನಾ ಯಾರಿಗಿ ಬರಿಲಿಕತ್ತಿದ್ದೆ?" ಅಂದ.

ತಪ್ಪಾಯ್ತು ಅಂದಳು. ಮಾತು ತೀರಾ ಸಣ್ಣದಾಯಿತು, ಇಷ್ಟು ದೂರದಿಂದ ಬಸ್ಸಿನಲ್ಲಿ ಹೊತ್ತು ತಂದದ್ದಕ್ಕೆ. ನನ್ನದನ್ನು ಈಗಲೇ ಅಳಿಸಿಬಿಡುತ್ತೇನೆ, ನಿಮ್ಮ ಹನ್ನೊಂದನ್ನೂ ಹಾಕೋಣ, ಸಹಿ ಗಿಹಿ ಏನೂ ಬೇಡ, ಆ ಪುಟ ನಿಮ್ಮದು, ಅದಕ್ಕೆ ಮೇಲಿನವರು ಅಂತ ಯಾರೂ ಇಲ್ಲ, ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು, ಅಂತ ಒಂದರ ಹಿಂದೊಂದು ಹೇಳುತ್ತ ಹೋದಳು. ಅವನು ತಲೆ ಅಲ್ಲಾಡಿಸಿದ. ಅಳಿಸುವುದು ಬೇಡ ಅಂದ. ಪುಸ್ತಕದ ರಜಿಸ್ಟರಿನಲ್ಲಿ ತಪ್ಪಾದರೆ ಬ್ಲೇಡಿನಿಂದ ಕೆರೆಯುತ್ತೇವೇನು? ಕೆಂಪು ಗೆರೆ ಎಳೆದು, ಮಗ್ಗುಲಿಗೆ ಯಾರು ತಪ್ಪು ಮಾಡಿದರೋ ಅವರೇ ಸಹಿ ಮಾಡುವುದು. ಕೆಳಗಿನ ಅಕ್ಷರ ಕಾಣುತ್ತಿರಬೇಕು. ಇನ್ನು ಸಹಿಯ ಮಾತು. ಸಹಿ ಬೇಡವಾದರೆ ಬೇಡ.

"ಆದ್ರ ಓದ್ರಿ," ಅಂದ. "ಕರೆಂಟ್ ಬರಲಿ. ಇಲ್ಲೇ ಕುಂತು ಹನ್ನೊಂದೂ ಓದ್ರಿ. ಒಂದು ಓದಿದ ಮ್ಯಾಲ ಒಂದು ಹಾಕ್ತೀನಿ."

ಒಂದು ಗಂಟೆಗೆ ಕರೆಂಟು ಬಂತು. ಅಮೃತಪ್ಪ ಕಂಪ್ಯೂಟರಿನ ಮುಂದೆ ಕೂತ, ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ. ಪುಟ ತೆರೆಯಲು ಹೊತ್ತು ಹಿಡಿಯಿತು. ಅವಳು ಓದಿದಳು. ಓದುತ್ತ ಓದುತ್ತ ಅವಳಿಗೆ ಬೇರೆ ಥರದ ನಾಚಿಕೆ ಶುರುವಾಯಿತು. ಪಾಠ ನಾಲ್ಕರಲ್ಲಿ ಟ್ಯಾಗಿನ ವಿಷಯ ಬರೆದಿದ್ದ: 'ದನಗಳ ರೋಗದ ಪುಸ್ತಕ ರೈತರು ಬಂದು ಒಕ್ಕಲುತನದ ಕಪಾಟದಾಗ ಹುಡುಕತಾರ, ಮಾಸ್ತರರು ಬಂದು ವಿಜ್ಞಾನದಾಗ ಹುಡುಕತಾರ. ಪುಸ್ತಕ ಒಂದೇ, ಅದಕ್ಕ ಜಾಗ ಒಂದೇ. ಸಿಗದೆ ಹೊಳ್ಳಿ ಹೋದವರನ್ನ ನಾ ಭಾಳ ಮಂದಿನ ನೋಡೀನಿ. ಈಗ ಒಂದ ಪುಸ್ತಕಕ್ಕ ನಾಕು ಚೀಟಿ ಹಚ್ಚಿದರ ನಾಕು ಕಪಾಟದಾಗೂ ಅದು ಇರತದ. ಇದು ನನಗ ಮೂವತ್ತು ವರ್ಷದ ಹಿಂದೇ ಬೇಕಾಗಿತ್ತು.' ಪಾಠ ಎಂಟು, ಓದುಗರ ಟಿಪ್ಪಣಿ: 'ಪುಸ್ತಕದ ಅಂಚಿನಾಗ ಪೆನ್ಸಿಲ್‌ನಿಂದ ಬರದದ್ದನ್ನ ರಬ್ಬರ್ ತಗೊಂಡು ತಿಕ್ಕೂದೇ ಇಷ್ಟು ದಿನ ನನ್ನ ಕೆಲಸ. ತಿಕ್ಕೂದಕ್ಕಿಂತ ಮೊದಲು ಓದತಿದ್ದೆ. ಕೆಲವು ಭಾಳ ಶಾಣ್ಯಾ ಮಾತು ಇರತಿದ್ದವು. ಈಗ ಬರಿಲಿಕ್ಕಿ ಬಿಡ್ರಿ ಅಂತ ಪಾಠ ಹೇಳತದ. ತಿಕ್ಕಿದ್ದರ ಬಗ್ಗೆ ಈಗ ಕೆಟ್ಟನಸತದ.' ಅವಳು ಎಂ.ಲಿಬ್. ಮಾಡಿದವಳು. ಈ ಹನ್ನೆರಡು ಪಾಠ ಅವಳೇ ಬರೆದದ್ದು. ಅದರೊಳಗೆ ಇಷ್ಟೆಲ್ಲ ಇದೆ ಅಂತ ಅವಳಿಗೇ ತಿಳಿದಿರಲಿಲ್ಲ. ಇಂಥವನ ಬಾಯಲ್ಲಿ ಜ್ಞಾನದ ಪರಿಧಿ ಅನ್ನುವ ಮಾತು ತುರುಕಿದಳಲ್ಲ.

ಅವಳು ಒಂದು ಓದಿ ಮುಗಿಸಿದ ಮೇಲೆ ಅಮೃತಪ್ಪ ಅವಳ ಮುಖ ನೋಡುತ್ತಿದ್ದ. ಅವಳು ಹೂಂ ಅಂದ ಮೇಲೆ ತಾನೂ ಇನ್ನೊಮ್ಮೆ ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. ಕೊನೆಯ 'ಮೇಲಿನವರ ಸಹಿಗಾಗಿ' ಅನ್ನುವ ಸಾಲನ್ನು ತೆಗೆಯುತ್ತಿದ್ದ, ಒಂದೊಂದೇ ಅಕ್ಷರ, ಹಿಂದಿನಿಂದ. ಬಾಣದ ಗುರುತನ್ನು ಬಟನಿನ ಮೇಲೆ ತಂದು, ಉಸಿರು ಬಿಗಿ ಹಿಡಿದು, ಒತ್ತುತ್ತಿದ್ದ. ಒಂದಕ್ಕೆ ಹದಿನೈದು ನಿಮಿಷ. ಅವಳ ಬಲಗೈ ಎರಡು ಸಲ ಮುಂದೆ ಹೋಯಿತು. ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿ ಒಂದೇ ಏಟಿಗೆ ಪ್ರಕಟಿಸುವುದು ಅವಳಿಗೆ ಗೊತ್ತು, ಅರ್ಧ ನಿಮಿಷದ ಕೆಲಸ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಎರಡೂವರೆಯ ಬಸ್ಸು ಹೋಯಿತು. ಹೋಗಲಿ. ನಾಲ್ಕೂವರೆಗೆ ಒಂದಿದೆ. ಅದೂ ಹೋದರೆ ಆರಕ್ಕೆ.

ಹನ್ನೊಂದನೆಯದು ಮುಗಿದಾಗ ನಾಲ್ಕು ಹೊಡೆದಿತ್ತು. ಹನ್ನೆರಡನೆಯದು ಯಾಕೆ ಬರೆಯಲಿಲ್ಲ ಅಂತ ಕೇಳಿದಳು. ಇನ್ನೊಬ್ಬರಿಗೆ ಕಲಿಸುವ ಪಾಠ ಅಲ್ಲೇನ್ರಿ ಅದು, ನಂದೇ ಪಾಸಾಗದೆ ಯಾರಿಗೆ ಕಲಿಸಲಿ, ಅಂದ. ಅವಳು ಹೊರಗೆ ಮೆಟ್ಟಿಲ ಮೇಲೆ ಹೋಗಿ ಆನಂದತೀರ್ಥರಿಗೆ ಫೋನ್ ಹಚ್ಚಿದಳು. ಎಲ್ಲ ಹೇಳಿದಳು, ಬಾಯಿಪಾಠ ಒಪ್ಪಿಸುವ ಹಾಗೆ, ಎಲ್ಲೂ ತಡೆಯದೆ.

"ಇದನ್ನ ನನಗ್ಯಾಕ ಹೇಳಿದಿ ಶ್ರೀವಿದ್ಯಾ?" ಅಂದರು ಅವರು. ಆ ನಾಲ್ಕು ಸಾಲಿನ ಪ್ರಿಂಟ್ ತೆಗೆದಾಗಿದೆ, ಸದಸ್ಯರಿಗೆ ಹಂಚಿಯೂ ಆಗಿದೆ. ಹನ್ನೊಂದು ಅಂದರೆ ಹನ್ನೆರಡಲ್ಲ. ಕಂಪ್ಯೂಟರ್ ವಾಡಿಗೆ ಹೋಗುವ ಮಾತು, ಅವನು ಸೇಡಂಗೆ ಬರುವ ಮಾತು, ಹೇಗಿದ್ದದ್ದು ಹಾಗೇ ಇದೆ. ಅವಳು ಮಾಡಿದ್ದರ ಮಾತೂ ಈಗ ಅದರ ಜೊತೆಗೆ ಸಭೆಗೆ ಬರುತ್ತದೆ. ಅದಕ್ಕೆ ಶ್ರೀವಿದ್ಯಾ, ನಾಳೆ ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ, ತಾರೀಖು ಹಾಕಿದ್ದು ತಪ್ಪು ಅಂತಲೂ ಹೇಳುತ್ತೇನೆ, ಆದರೆ ಬರುವ ಮೊದಲು ಆ ಹನ್ನೊಂದನ್ನು ದಯಮಾಡಿ ಓದಿಕೊಂಡು ಬನ್ನಿ, ಅಂದಳು. ಅವರು ಫೋನ್ ಇಟ್ಟರು. ಬೆಳಿಗ್ಗೆ ಟಿಕೆಟ್ ತೆಗೆಸುವಾಗ ಸಡಿಲಾದದ್ದು ಏನಿತ್ತೋ ಅದು ಈಗ ಸಡಿಲಿರಲಿಲ್ಲ.

ಒಳಗೆ ಬಂದರೆ ಅಮೃತಪ್ಪ ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ನಿಮ್ಮದು ಉಳಿದದ್ರಿ, ಅಂದ. ಅವಳು ಕೂತು, ಅಮೃತಪ್ಪನ ಹೆಸರಿನ ಪುಟದಲ್ಲಿ ತಾನು ಬರೆದ ನಾಲ್ಕು ಸಾಲು ತೆರೆದಳು. ಅಕ್ಷರದ ಮೇಲೆ ಗೆರೆ ಎಳೆಯುವುದು ಹೇಗೆ? ಪಾಠದಲ್ಲಿ ಅದು ಇರಲಿಲ್ಲ. ಅವಳು ಯಾವತ್ತೂ ಎಳೆದಿರಲಿಲ್ಲ, ತಪ್ಪಾದದ್ದನ್ನು ಅಳಿಸಿಯೇ ರೂಢಿ. ಮೇಲಿನ ಸಾಲಿನ ಬಟನುಗಳನ್ನೆಲ್ಲ ಒಂದೊಂದಾಗಿ ಒತ್ತಿದಳು. ಅಕ್ಷರ ದಪ್ಪ ಆಯಿತು, ಓರೆ ಆಯಿತು, ಕೆಂಪಾಯಿತು, ಗೆರೆ ಬರಲಿಲ್ಲ. ಬೆನ್ನ ಹಿಂದೆ ಅಮೃತಪ್ಪ ಇದ್ದಾನೆ ಅಂತ ಗೊತ್ತು. ಅವನಿಗೆ ಬರುತ್ತದೆ ಅಂತಲೂ ಈಗ ತಿಳಿಯಿತು. ಈಗ ತಾನೇ ಓದಿದ ಬರಹಗಳಲ್ಲಿ ತಿದ್ದಿದ್ದನ್ನೆಲ್ಲ ಅವನು ಅಳಿಸದೆ ಗೆರೆ ಎಳೆದೇ ಬಿಟ್ಟಿದ್ದ. ತಿರುಗಿ ನೋಡಿದಳು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಗಡಿಬಿಡಿ ಇಲ್ರಿ ಮೇಡಂ," ಅಂದ. "ಬಲಗಡೆ ನೋಡ್ರಿ. ಇನ್ನೂ ಸ್ವಲ್ಪ ಬಲಕ್ಕ."

ಸಿಕ್ಕಿತು. ಜ್ಞಾನದ ಪರಿಧಿಯ ಮೇಲೆ, ಮಗುವಿಗೆ ಕಲಿಸುವಂತೆಯ ಮೇಲೆ, ಶ್ರೀವಿದ್ಯಾ ಮೇಡಂ ಅವರ ಮೇಲೆ ಗೆರೆ ಬಿತ್ತು, ಕೆಳಗಿನ ಅಕ್ಷರ ಕಾಣುವ ಹಾಗೆ. ಅದರ ಕೆಳಗೆ ಬರೆದಳು: 'ಮೇಲಿನದು ಅಮೃತಪ್ಪನವರು ಬರೆದದ್ದಲ್ಲ. ಅವರು ಕೊಟ್ಟ ಲಕೋಟೆ ಒಡೆದು, ಅವರ ಹೆಸರಿನಲ್ಲಿ ನಾನು ಬರೆದದ್ದು. ಅವರು ಬರೆದದ್ದು ಬೇರೆ ಹನ್ನೊಂದು ಇವೆ, ಓದಿರಿ. ಶ್ರೀವಿದ್ಯಾ, ಸೇಡಂ.' ಬಾಣದ ಗುರುತು ತಾನಾಗಿಯೇ, ಪ್ರಕಟಿಸದೆ ಉಳಿಸಿಕೊಳ್ಳುವ ಬಟನಿನ ಕಡೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಹಿಂದಿನವನು ಕೆಮ್ಮಲೂ ಇಲ್ಲ. ಅವಳು ಅದನ್ನು ಈಚೆ, ಪ್ರಕಟಿಸುವ ಬಟನಿಗೆ ತಂದು ಒತ್ತಿದಳು.

ಆಮೇಲೆ ಅವಳು ಎದ್ದಳು, ಅವನು ಕೂತ. ಹೊಸ ಹಾಳೆ ತೆರೆದ. ಎರಡು ತೋರುಬೆರಳುಗಳು ಕೀಲಿಗಳ ಮೇಲೆ ಸುತ್ತಾಡಿ ಒಂದೊಂದೇ ಅಕ್ಷರ ಹೆಕ್ಕತೊಡಗಿದವು. 'ಪಾಠ ಹನ್ನೆರಡು. ಇವತ್ತು ನಾ ಕಲಿಸಿದ್ದು ಶ್ರೀವಿದ್ಯಾ ಮೇಡಂ ಅವರಿಗಿ.' ಮುಂದೆ ಏನು ಬರೆಯುತ್ತಾನೋ ಅವಳಿಗೆ ತಿಳಿಯದು. ಹೇಗೆ ಬರೆದರೂ ನಾಳೆ ಹನ್ನೊಂದು ಗಂಟೆಗೆ ಎಲ್ಲರೂ ಓದುತ್ತಾರೆ. ಮುಗಿಯದಿದ್ದರೆ ಮುಗಿಯದಷ್ಟನ್ನೇ ಓದುತ್ತಾರೆ, ಉಳಿದದ್ದಕ್ಕೆ ಅವಳು ಜಗಳ ಆಡುತ್ತಾಳೆ. ಬಸ್ ಸ್ಟ್ಯಾಂಡಿನ ಕಡೆಯಿಂದ ನಾಲ್ಕೂವರೆಯ ಬಸ್ಸಿನ ಹಾರ್ನು ಕೇಳಿಸಿತು. ಅವನು ತಲೆ ಎತ್ತಿ, ನಿಮ್ಮ ಬಸ್ ರಿ, ಅಂದ. ಇರಲಿ, ನೀವು ಬರೀರಿ, ಅಂದಳು. ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರ ಬೇರೆ ಬಿತ್ತು. ಅವಳ ಬಲಗೈ ತಟ್ಟನೆ ಮುಂದೆ ಬಂತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು, ಬೆನ್ನ ಹಿಂದೆ ಒಯ್ದು, ಅವಳು ಅವನ ಹಿಂದೆ ನಿಂತಳು.